ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿತು, ಚಟ ಎಲ್ಲಿಗೆ ಹೋಯಿತು?

2020ರ ಮಾರ್ಚ್ ಕೊನೆಯ ವಾರ ಗಡಿನಾಡಿನವರಿಗೆ ಮರೆಯುವಂಥದ್ದಲ್ಲ. ತಲಪಾಡಿಯಲ್ಲಿ ದಾರಿ ಬಂದ್ ಆಯಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ರೋಗಿಗಳು ಗಡಿಯಲ್ಲೇ ಸಿಕ್ಕಿಬಿದ್ದರು, ಕೆಲವರ ಜೀವವೂ ಹೋಯಿತು. ಆ ಗದ್ದಲದಲ್ಲಿ ಇನ್ನೊಂದು ಬಾಗಿಲು ಮುಚ್ಚಿದ್ದನ್ನು ನಮ್ಮಲ್ಲಿ ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬಾರ್, ವೈನ್ ಶಾಪ್, ಕೇರಳದ ಬೆವ್ಕೊ ಮಳಿಗೆ, ಕಳ್ಳಿನಂಗಡಿ, ಬಸ್‌ಸ್ಟ್ಯಾಂಡ್ ಪಕ್ಕದ ಬೀಡಿ-ಸಿಗರೇಟಿನ ಗೂಡಂಗಡಿ, ಎಲ್ಲವೂ ಒಂದೇ ಸಲ ಬಾಗಿಲೆಳೆದುಕೊಂಡವು. ಯಾವ ಪಾನನಿಷೇಧ ಚಳವಳಿಗೂ, ಯಾವ ಸರಕಾರಕ್ಕೂ ಸಾಧ್ಯವಾಗದ್ದನ್ನು ಒಂದು ವೈರಸ್ ಎರಡು ದಿನದಲ್ಲಿ ಮಾಡಿ ತೋರಿಸಿತು.

ಆಗ ಹಲವರು ಖುಷಿಪಟ್ಟಿದ್ದೂ ಹೌದು. "ಒಳ್ಳೇದಾಯ್ತು, ಇನ್ನು ಎಲ್ಲರ ಚಟವೂ ಬಿಡುತ್ತೆ" ಅಂತ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಸಂದೇಶ ಹರಿದಾಡಿತು. ನಾನೂ ಅದನ್ನು ನಂಬಿದ್ದೆ. ಈಗ ಐದು ವರ್ಷ ಕಳೆದಿದೆ. ಅಂದು ಏನಾಯಿತು ಎಂಬುದರ ಲೆಕ್ಕ ಬೇರೆ ಬೇರೆ ದೇಶಗಳಿಂದ ಬಂದಿದೆ. ಅದನ್ನು ಬಿಡಿಸಿ ನೋಡಿದರೆ ನಮ್ಮ ಊಹೆ ಎಷ್ಟು ಅರ್ಧಂಬರ್ಧವಾಗಿತ್ತು ಎಂದು ಗೊತ್ತಾಗುತ್ತದೆ.

ಮೊದಲು ಕೇರಳದಿಂದಲೇ ಶುರು ಮಾಡೋಣ. ಮದ್ಯ ಸಿಗದೆ ಹೋದ ಮೊದಲ ವಾರದಲ್ಲೇ ಅಲ್ಲಿ ಹಲವರು ಆತ್ಮಹತ್ಯೆ ಮಾಡಿಕೊಂಡರು. ಶೇವಿಂಗ್ ಲೋಷನ್, ಸ್ಯಾನಿಟೈಸರ್ ಕುಡಿದವರ ಸುದ್ದಿಯೂ ಬಂತು. ಗಾಬರಿಯಾದ ರಾಜ್ಯ ಸರಕಾರ ಮಾರ್ಚ್ 30ರಂದು, ವೈದ್ಯರ ಚೀಟಿ ಇದ್ದವರಿಗೆ ಮದ್ಯ ಕೊಡಬಹುದು ಎಂದು ಆದೇಶ ಹೊರಡಿಸಿತು. ಭಾರತೀಯ ವೈದ್ಯಕೀಯ ಸಂಘ ಇದನ್ನು ಬಲವಾಗಿ ವಿರೋಧಿಸಿತು. ಮದ್ಯ ಬಿಟ್ಟಾಗ ಬರುವ ಕಾಯಿಲೆಗೆ ಮದ್ಯವೇ ಮದ್ದಲ್ಲ, ಅದಕ್ಕೆ ಬೇರೆ ಔಷಧ ಇದೆ ಎಂಬುದು ಅವರ ವಾದ. ಏಪ್ರಿಲ್ 2ರಂದು ಹೈಕೋರ್ಟ್ ಆದೇಶಕ್ಕೆ ತಡೆ ನೀಡಿತು. ವೈದ್ಯರು ಹೇಳಿದ್ದು ಸರಿ. ಆದರೆ ಸರಕಾರದ ಗಾಬರಿಯೂ ಸುಳ್ಳಾಗಿರಲಿಲ್ಲ.

ಯಾಕೆ ಅಂತ ಸ್ವಲ್ಪ ವಿವರಿಸಬೇಕು. ವರ್ಷಗಟ್ಟಲೆ ದಿನವೂ ಕುಡಿಯುವವನ ಮೆದುಳು ಮದ್ಯದ ಮಂಪರಿಗೆ ಒಗ್ಗಿಕೊಂಡಿರುತ್ತದೆ. ಮದ್ಯ ನರಗಳನ್ನು ತಣ್ಣಗಾಗಿಸುತ್ತದೆ, ಆದ್ದರಿಂದ ಮೆದುಳು ಅದಕ್ಕೆದುರಾಗಿ ತನ್ನನ್ನು ಸದಾ ಬಿಸಿಯಾಗಿ ಇಟ್ಟುಕೊಳ್ಳಲು ಕಲಿತಿರುತ್ತದೆ. ಒಂದು ದಿನ ದಿಢೀರನೆ ಮದ್ಯ ನಿಂತರೆ ಆ ಬಿಸಿ ಮಾತ್ರ ಉಳಿಯುತ್ತದೆ. ಮೊದಲ ದಿನ ಕೈ ನಡುಕ, ಬೆವರು, ನಿದ್ದೆ ಇಲ್ಲ. ಒಂದೆರಡು ದಿನದಲ್ಲಿ ಕೆಲವರಿಗೆ ಅಪಸ್ಮಾರದಂತೆ ಫಿಟ್ಸ್ ಬರುತ್ತದೆ. ಎರಡು-ಮೂರನೇ ದಿನದಿಂದ ಇನ್ನು ಕೆಲವರಿಗೆ ಬುದ್ಧಿಭ್ರಮೆ: ಇಲ್ಲದ ಮನುಷ್ಯರು ಕಾಣುತ್ತಾರೆ, ಗೋಡೆಯ ಮೇಲೆ ಹುಳ ಹರಿದಾಡುತ್ತದೆ, ಮನೆಯವರ ಗುರುತೇ ಸಿಗುವುದಿಲ್ಲ. ಈ ಹಂತದಲ್ಲಿ ಚಿಕಿತ್ಸೆ ಸಿಗದಿದ್ದರೆ ಸಾವು ಬರಬಹುದು. ಚಿಕಿತ್ಸೆ ಅಂದರೆ ದೊಡ್ಡ ಆಪರೇಷನ್ ಏನಲ್ಲ. ವೈದ್ಯರ ನಿಗಾದಲ್ಲಿ ಕೆಲವು ದಿನ ನಿಧಾನವಾಗಿ ಕಡಿಮೆ ಮಾಡುತ್ತಾ ಹೋಗುವ ಮಾತ್ರೆ, ಜೊತೆಗೆ ವಿಟಮಿನ್ ಬಿ-1. ಬಹುತೇಕ ಜಿಲ್ಲಾಸ್ಪತ್ರೆಗಳಲ್ಲಿ ಇದು ಸಾಧ್ಯ.

ಬೆಂಗಳೂರಿನ ಕೆಲವು ಆಸ್ಪತ್ರೆಗಳ ದಾಖಲೆ ನೋಡಿದ ವೈದ್ಯರು, ಇಂಥ ತೀವ್ರ ಪ್ರಕರಣಗಳು ದಿನಕ್ಕೆ ಸರಾಸರಿ 4 ಇದ್ದದ್ದು 8ಕ್ಕೆ ಏರಿದ್ದನ್ನು ಕಂಡರು. ಏರಿಕೆ ಶುರುವಾದ ದಿನ ಮಾರ್ಚ್ 25, ಅಂದರೆ ದೇಶವ್ಯಾಪಿ ಲಾಕ್‌ಡೌನಿನ ಮೊದಲ ದಿನ. ಇದು ಆಸ್ಪತ್ರೆ ಮುಟ್ಟಿದವರ ಲೆಕ್ಕ ಮಾತ್ರ. ಬಸ್ ಇಲ್ಲ, ಆಟೋ ಇಲ್ಲ, ರಸ್ತೆಯಲ್ಲಿ ಪೊಲೀಸರ ಲಾಠಿ. ಮುಟ್ಟದವರು ಎಷ್ಟೋ.

ಇಲ್ಲಿಗೆ ನಮ್ಮಲ್ಲಿ ಒಬ್ಬರಾದರೂ ಕೇಳುತ್ತಾರೆ: ಇದೆಲ್ಲ ನಮಗೆ ಯಾಕೆ ಹೇಳ್ತೀರಿ, ನಮ್ಮಲ್ಲಿ ಕುಡಿಯುವವರು ಎಲ್ಲಿದ್ದಾರೆ?

ಈ ಪ್ರಶ್ನೆಯೇ ನನ್ನನ್ನು ಈ ಲೇಖನಕ್ಕೆ ಕೂರಿಸಿದ್ದು. ನಿಜ, ಶರಾಬು ನಮಗೆ ಹರಾಂ. ಅದರಿಂದ ಸಮುದಾಯಕ್ಕೆ ದೊಡ್ಡ ರಕ್ಷಣೆ ಸಿಕ್ಕಿದೆ, ಅದನ್ನು ಯಾರೂ ಅಲ್ಲಗಳೆಯಲಾರರು. ನಮ್ಮ ಮದುವೆ ಮನೆಗಳಲ್ಲಿ, ಸಂಭ್ರಮಗಳಲ್ಲಿ ಬಾಟಲಿ ಇಲ್ಲ. ಆದರೆ ಹರಾಂ ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ವ್ಯತ್ಯಾಸವಿದೆ. ದಕ್ಕೆಯಲ್ಲಿ, ಲಾರಿ ಲೈನಿನಲ್ಲಿ, ಗಲ್ಫಿನ ಬ್ಯಾಚುಲರ್ ರೂಮುಗಳಲ್ಲಿ, ಬೆಂಗಳೂರಿನ ಪಿಜಿಗಳಲ್ಲಿ ಕುಡಿಯುವ ನಮ್ಮ ಹುಡುಗರು, ನಮ್ಮ ಹಿರಿಯರು ಇದ್ದಾರೆ. ಸಂಖ್ಯೆ ಕಡಿಮೆ ಇರಬಹುದು. ಕಡಿಮೆ ಇರುವುದರಿಂದಲೇ ಅವರ ಕಷ್ಟ ಹೆಚ್ಚು. ಬೇರೆ ಸಮುದಾಯದ ಕುಡುಕನನ್ನು ಹೆಂಡತಿ ಬೈಯುತ್ತಲೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾಳೆ. ನಮ್ಮಲ್ಲಿ ಉಮ್ಮ ಮೊದಲು ಬಾಗಿಲು ಹಾಕುತ್ತಾಳೆ, ಪಕ್ಕದ ಮನೆಗೆ ಗೊತ್ತಾಗಬಾರದಲ್ಲ. ಲಾಕ್‌ಡೌನ್‌ನಲ್ಲಿ ಆ ಬಾಗಿಲು ಇನ್ನೂ ಗಟ್ಟಿಯಾಗಿ ಮುಚ್ಚಿಕೊಂಡಿತು. ಜ್ವರ ಅಂತ ಹೇಳಿದರೆ ಕೊರೋನಾ ಅಂತಾರೆ, ನಡುಕ ಅಂತ ಹೇಳಿದರೆ ಕುಡಿತ ಅಂತಾರೆ. ಎರಡೂ ಹೇಳುವ ಹಾಗಿಲ್ಲ.

ಮುಚ್ಚಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಅದೇ ತಿಂಗಳುಗಳಲ್ಲಿ ಇರಾನ್ ಒಂದು ಭಯಾನಕ ಉದಾಹರಣೆಯಾಯಿತು. ಅಲ್ಲಿ ಮುಸ್ಲಿಮರಿಗೆ ಮದ್ಯ ಕಾನೂನುಬಾಹಿರ, ಶಿಕ್ಷೆಯೂ ಇದೆ. ಮದ್ಯ ಕುಡಿದರೆ ಕೊರೋನಾ ವೈರಸ್ ಸಾಯುತ್ತದೆ ಎಂಬ ಗಾಳಿಸುದ್ದಿ ಮೊಬೈಲಿನಲ್ಲಿ ಹಬ್ಬಿತು. ಜನ ಕಳ್ಳದಾರಿಯಲ್ಲಿ ಸಿಕ್ಕಿದ್ದನ್ನು ಕುಡಿದರು. ಅದರಲ್ಲಿ ಇದ್ದದ್ದು ಮೆಥನಾಲ್, ಕಾರ್ಖಾನೆಗಳಲ್ಲಿ ಬಳಸುವ ವಿಷ. ಬಣ್ಣದಲ್ಲಿ ಗುರುತು ಸಿಗುವುದಿಲ್ಲ. ದೇಹದೊಳಗೆ ಹೋದ ಮೇಲೆ ಅದು ಫಾರ್ಮಿಕ್ ಆಮ್ಲವಾಗುತ್ತದೆ, ಮೊದಲು ಕಣ್ಣಿನ ನರಕ್ಕೆ ಹೊಡೆಯುತ್ತದೆ. ಫೆಬ್ರವರಿ 20ರಿಂದ ಏಪ್ರಿಲ್ 7ರ ನಡುವೆ 700ಕ್ಕೂ ಹೆಚ್ಚು ಜನ ಸತ್ತರು ಎಂದು ಅಲ್ಲಿನ ಅಧಿಕಾರಿಗಳೇ ಹೇಳಿದರು. ಹಿಂದಿನ ಇಡೀ ವರ್ಷದಲ್ಲಿ ಇಂಥ ಸಾವು 66 ಇತ್ತು. ಬದುಕುಳಿದವರಲ್ಲಿ ಹಲವರು ದೃಷ್ಟಿ ಕಳೆದುಕೊಂಡರು. ಮೆಥನಾಲ್‌ಗೆ ಆಸ್ಪತ್ರೆಯಲ್ಲಿ ಪ್ರತಿಮದ್ದು ಇದೆ, ಡಯಾಲಿಸಿಸ್ ಇದೆ. ಆದರೆ ಬೇಗ ಹೋಗಬೇಕು, ಏನು ಕುಡಿದೆ ಅಂತ ಬಾಯಿಬಿಟ್ಟು ಹೇಳಬೇಕು. ಶಿಕ್ಷೆಗೂ ಮಾನಕ್ಕೂ ಹೆದರುವವನು ಅಷ್ಟು ಬೇಗ ಬಾಯಿಬಿಡುತ್ತಾನೆಯೇ?

ದೂರದ ಇರಾನ್ ಯಾಕೆ, ಪಕ್ಕದ ಆಂಧ್ರವನ್ನೇ ನೋಡಿ. ಅಲ್ಲಿ ಮದ್ಯದ ದರ ಶೇ. 75ರಷ್ಟು ಏರಿತ್ತು. ಪ್ರಕಾಶಂ ಜಿಲ್ಲೆಯ ಕುರಿಚೇಡುವಿನಲ್ಲಿ ಸೋಂಕಿನಿಂದಾಗಿ ಮದ್ಯದಂಗಡಿಯೂ ಮುಚ್ಚಿತ್ತು. 2020ರ ಜುಲೈ ಕೊನೆಯಲ್ಲಿ ಅಲ್ಲಿ ಸ್ಯಾನಿಟೈಸರ್ ಕುಡಿದು ಹತ್ತಕ್ಕೂ ಹೆಚ್ಚು ಬಡವರು ಪ್ರಾಣ ಬಿಟ್ಟರು.

ಇನ್ನು ಅಂಗಡಿ ತೆರೆದ ಮೇಲಿನ ಕಥೆ. ಕರ್ನಾಟಕದಲ್ಲಿ ಮೇ 4ರಂದು ವೈನ್ ಶಾಪ್ ತೆರೆದವು. ಮೊದಲ ದಿನ 45 ಕೋಟಿ ರೂಪಾಯಿ ವ್ಯಾಪಾರ, ಮರುದಿನ 197 ಕೋಟಿ. ಬೆಳಿಗ್ಗೆಯೇ ಉದ್ದದ ಕ್ಯೂ, ಅಂಗಡಿಗೆ ಆರತಿ ಎತ್ತಿದವರ ಫೋಟೋಗಳು ಎಲ್ಲ ನಿಮಗೆ ನೆನಪಿರಬಹುದು. ದಿಲ್ಲಿ ಶೇ. 70ರ 'ವಿಶೇಷ ಕೊರೋನಾ ಶುಲ್ಕ' ಹಾಕಿತು, ಆದರೂ ಕ್ಯೂ ಕರಗಲಿಲ್ಲ. ತಮಿಳುನಾಡಿನಲ್ಲಿ ಮೇ 7ಕ್ಕೆ ತೆರೆದದ್ದನ್ನು ಹೈಕೋರ್ಟ್ ಮುಚ್ಚಿಸಿತು, ಸುಪ್ರೀಂ ಕೋರ್ಟ್ ಮತ್ತೆ ದಾರಿ ಬಿಟ್ಟಿತು. ಕೇರಳ ಮೇ 28ರವರೆಗೆ ಕಾದು, 'ಬೆವ್‌ಕ್ಯೂ' ಆ್ಯಪ್ ಮೂಲಕ ಟೋಕನ್ ಕೊಟ್ಟು ಮಾರಿತು. ನಡುವಿನ ಆ ಮೂರೂವರೆ ವಾರ ಕರ್ನಾಟಕದಲ್ಲಿ ಮದ್ಯ ಇತ್ತು, ಕಾಸರಗೋಡಿನಲ್ಲಿ ಇರಲಿಲ್ಲ. ಗಡಿಯ ಒಳದಾರಿ ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕರ್ನಾಟಕದ ಟೆಟ್ರಾ ಪ್ಯಾಕ್ ಕಾಸರಗೋಡು ಅಬಕಾರಿಯವರಿಗೆ ಹಳೆಯ ಪರಿಚಯ. ರೋಗಿಗೆ ತೆರೆಯದ ಗಡಿ ಬೇರೆ ಕೆಲವಕ್ಕೆ ಅಷ್ಟು ಬಿಗಿಯಾಗಿರಲಿಲ್ಲ ಅಂತ ಒಂದು ಮಾತು ಸೇರಿಸಿ ಮುಂದೆ ಹೋಗುತ್ತೇನೆ.

ವರ್ಷದ ಕೊನೆಗೆ ಕರ್ನಾಟಕದ ಅಬಕಾರಿ ಆದಾಯ ಕಡಿಮೆಯಾಗಿತ್ತೇ? ಇಲ್ಲ. 2019-20ರಲ್ಲಿ 21 ಸಾವಿರ ಕೋಟಿ ದಾಟಿದ್ದದ್ದು, ಒಂದು ತಿಂಗಳಿಗೂ ಹೆಚ್ಚು ಕಾಲ ಬಾಗಿಲು ಹಾಕಿದ್ದ 2020-21ರಲ್ಲಿ 23 ಸಾವಿರ ಕೋಟಿ ದಾಟಿತು. ಸುಂಕ ಏರಿಸಿದ್ದೂ ಇದಕ್ಕೆ ಕಾರಣ. ಆದರೆ ದುಡಿಮೆ ಇಲ್ಲದ ವರ್ಷದಲ್ಲೂ ಆ ಹಣ ಜನರ ಜೇಬಿನಿಂದಲೇ ಬಂತಲ್ಲ.

ಎಲ್ಲರೂ ಹೆಚ್ಚು ಕುಡಿದರು ಅಂತಲೂ ಇದರರ್ಥವಲ್ಲ. ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು ಏನೆಂದರೆ, ಸ್ವಲ್ಪ ಕುಡಿಯುವವರು, ಗೆಳೆಯರ ಜೊತೆಗೆ ಮಾತ್ರ ಕುಡಿಯುವವರು ಕಡಿಮೆ ಮಾಡಿದರು, ಕೆಲವರು ಬಿಟ್ಟೇಬಿಟ್ಟರು. ಮೊದಲೇ ವಿಪರೀತ ಕುಡಿಯುತ್ತಿದ್ದವರು ಇನ್ನಷ್ಟು ಕುಡಿದರು. ಒಟ್ಟು ಲೆಕ್ಕದಲ್ಲಿ ದೊಡ್ಡ ಬದಲಾವಣೆ ಕಾಣದ ಕಡೆಯೂ ಸಾವು ಹೆಚ್ಚಿತು. ಬ್ರಿಟನ್ನಿನಲ್ಲಿ ನೇರವಾಗಿ ಮದ್ಯದಿಂದಲೇ ಆದ ಸಾವುಗಳು 2019ರಲ್ಲಿ 7,565 ಇದ್ದವು, 2020ರಲ್ಲಿ 8,974. ಅದೂ ಪಬ್‌ಗಳು ತಿಂಗಳುಗಟ್ಟಲೆ ಮುಚ್ಚಿದ್ದ ವರ್ಷ. ಅಮೆರಿಕದಲ್ಲಿ ಮದ್ಯದ ಪಾತ್ರವಿದ್ದ ಸಾವುಗಳು ಸುಮಾರು 79 ಸಾವಿರದಿಂದ 99 ಸಾವಿರಕ್ಕೆ, ಅಂದರೆ ಒಂದೇ ವರ್ಷದಲ್ಲಿ ನಾಲ್ಕನೇ ಒಂದು ಭಾಗದಷ್ಟು ಏರಿದವು. ಪಬ್ಬಿನಲ್ಲಿ ಕುಡಿಯುವವನಿಗೆ ಅಂಗಡಿ ಮುಚ್ಚುವ ಹೊತ್ತು ಇರುತ್ತದೆ, ಸಾಕು ಮಾರಾಯ ಅನ್ನುವ ಗೆಳೆಯ ಇರುತ್ತಾನೆ. ಮನೆಯಲ್ಲಿ ಇಬ್ಬರೂ ಇಲ್ಲ. ಬಾಗಿಲು ಮುಚ್ಚಿ ಒಬ್ಬನೇ ಕುಡಿಯುವುದು ಎಲ್ಲಿದ್ದರೂ ಅಪಾಯವೇ. ನಮ್ಮಲ್ಲಿ ಕುಡಿಯುವವನು ಮಹಾಮಾರಿ ಇಲ್ಲದಾಗಲೂ ಹೀಗೇ, ಕದ್ದು, ಒಬ್ಬನೇ ಕುಡಿಯುತ್ತಾನೆ.

ಇಷ್ಟು ಮದ್ಯದ ಮಾತಾಯಿತು. ಈಗ ನಮ್ಮ ಮನೆಯೊಳಗೆ ನಿಜವಾಗಿ ಕೂತಿರುವ ವಸ್ತುವಿಗೆ ಬರುತ್ತೇನೆ, ತಂಬಾಕಿಗೆ.

ಮದ್ಯದ ಬಗ್ಗೆ ಇರುವ ನಾಚಿಕೆ ನಮಗೆ ಬೀಡಿ, ಸಿಗರೇಟಿನ ಬಗ್ಗೆ ಇಲ್ಲ. ಹೊಟೇಲಿನ ಮುಂದೆ ಚಹಾದ ಗ್ಲಾಸಿನ ಜೊತೆ ಸಿಗರೇಟು ಸೇದುವುದನ್ನು ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ದೇಶದ ವಯಸ್ಕರ ತಂಬಾಕು ಸಮೀಕ್ಷೆ 2016-17ರಲ್ಲಿ ನಡೆದದ್ದು. ಅದರಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇ. 22.8 ಮಂದಿ, ಕೇರಳದಲ್ಲಿ ಶೇ. 12.7 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ದೇಶದಲ್ಲಿ ಸಿಗರೇಟು ಸೇದುವವರಿಗಿಂತ ಬೀಡಿ ಸೇದುವವರೇ ಜಾಸ್ತಿ.

ಲಾಕ್‌ಡೌನ್‌ನಲ್ಲಿ ಇವರಿಗೆ ಏನಾಯಿತು? ಗೂಡಂಗಡಿ ಮುಚ್ಚಿತು, ಆದರೆ ಹಿಂಬಾಗಿಲು ಮುಚ್ಚಲಿಲ್ಲ. ಎರಡು-ಮೂರು ಪಟ್ಟು ದರಕ್ಕೆ ಕಟ್ಟು ಸಿಗುತ್ತಿತ್ತು. ಕೂಲಿ ಇಲ್ಲದವನೂ ಅಕ್ಕಿಯ ದುಡ್ಡಿನಲ್ಲಿ ಬೀಡಿ ತಂದ. ಕೇಂದ್ರದ ಮಾರ್ಗಸೂಚಿ ಸಾರ್ವಜನಿಕ ಸ್ಥಳದಲ್ಲಿ ಉಗುಳುವುದನ್ನು ಶಿಕ್ಷಾರ್ಹ ಮಾಡಿತು, ಗುಟ್ಕಾ, ತಂಬಾಕು ಮಾರಾಟವನ್ನು ನಿಷೇಧಿಸಿತು. ಉಗುಳಿನಿಂದ ಸೋಂಕು ಹರಡುತ್ತದೆ ಎಂಬ ಭಯದಿಂದ ಕೆಲವರು ಜಗಿಯುವುದನ್ನು ಬಿಟ್ಟದ್ದು ಒಂದು ಲಾಭ.

ಇನ್ನೂ ಬಿಗಿಯಾಗಿ ಮಾಡಿ ನೋಡಿದ್ದು ದಕ್ಷಿಣ ಆಫ್ರಿಕಾ. ಮಾರ್ಚ್ 27ರಿಂದ ಆಗಸ್ಟ್ 17ರವರೆಗೆ, ಸುಮಾರು ಐದು ತಿಂಗಳು, ಇಡೀ ದೇಶದಲ್ಲಿ ತಂಬಾಕು ಮಾರಾಟವೇ ಅಪರಾಧ. ಫಲಿತಾಂಶ? ಕೇಪ್‌ಟೌನ್ ವಿಶ್ವವಿದ್ಯಾನಿಲಯದ ಸಂಶೋಧಕರು ಕೇಳಿದಾಗ, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ನಿಷೇಧದ ನಡುವೆಯೂ ಸಿಗರೇಟು ಖರೀದಿಸಿದ್ದೇವೆ ಎಂದರು. ಬೆಲೆ ಹಲವು ಪಟ್ಟು ಏರಿತು, ತೆರಿಗೆ ಸರಕಾರಕ್ಕೆ ಹೋಗಲಿಲ್ಲ, ಕಳ್ಳದಂಧೆಯವರು ಶ್ರೀಮಂತರಾದರು. ಅದೇ ದೇಶದಲ್ಲಿ ಮದ್ಯ ನಿಷೇಧದ ಅನುಭವ ಬೇರೆ. ಮದ್ಯ ನಿಂತ ವಾರಗಳಲ್ಲಿ ಗಾಯಗೊಂಡು ಆಸ್ಪತ್ರೆಗೆ ಬರುವವರ ಸಂಖ್ಯೆ ತೀವ್ರವಾಗಿ ಇಳಿಯಿತು, ಮತ್ತೆ ತೆರೆದಾಗ ಏರಿತು. ಅಂದರೆ ನಿಷೇಧದಿಂದ ಏನೂ ಆಗುವುದಿಲ್ಲ ಎನ್ನುವುದೂ ತಪ್ಪು. ಬೀದಿಯ ಹೊಡೆದಾಟ, ಅಪಘಾತ ಅದರಿಂದ ಕಡಿಮೆಯಾಗುತ್ತದೆ, ಅಂಟಿಕೊಂಡ ಚಟ ಕಡಿಮೆಯಾಗುವುದಿಲ್ಲ.

ಅಮೆರಿಕದಲ್ಲಿ ಇಪ್ಪತ್ತು ವರ್ಷದಿಂದ ಇಳಿಯುತ್ತಲೇ ಬಂದಿದ್ದ ಸಿಗರೇಟ್ ಮಾರಾಟ 2020ರಲ್ಲಿ ಮೊದಲ ಬಾರಿಗೆ ತುಸು ಏರಿತು. ಶ್ವಾಸಕೋಶಕ್ಕೇ ಹೊಡೆಯುವ ರೋಗ ಊರೆಲ್ಲ ಹಬ್ಬಿದ ವರ್ಷದಲ್ಲಿ ಜನ ಹೆಚ್ಚು ಹೊಗೆ ಸೇದಿದರು ಅಂದರೆ ನಂಬುತ್ತೀರಾ? ಕಾರಣ ಸಿಕ್ಕುಮುರುಕಾಗಿಲ್ಲ. ಹೆದರಿಕೆ, ಬೇಸರ, ಮನೆಯಲ್ಲೇ ಕೂತ ಸಮಯ. ಆಫೀಸಿನಲ್ಲಿ ಸೇದುವಂತಿಲ್ಲ, ಮನೆಯಲ್ಲಿ ಕೇಳುವವರಿಲ್ಲ.

ಇದರ ನಡುವೆ ಒಂದು ಅಪಪ್ರಚಾರವೂ ನಡೆಯಿತು. ಆಸ್ಪತ್ರೆಗೆ ಬಂದ ಕೋವಿಡ್ ರೋಗಿಗಳಲ್ಲಿ ಸೇದುವವರು ಕಡಿಮೆ ಇದ್ದಾರೆ, ಬಹುಶಃ ನಿಕೋಟಿನ್ ರಕ್ಷಣೆ ಕೊಡುತ್ತದೆಯೋ ಏನೋ ಎಂದು 2020ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಕೆಲವು ತಜ್ಞರು ಊಹೆ ಮುಂದಿಟ್ಟರು. ಜನ ಔಷಧದಂಗಡಿಗೆ ನುಗ್ಗುತ್ತಾರೆಂದು ಅಲ್ಲಿನ ಸರಕಾರ ನಿಕೋಟಿನ್ ಪಟ್ಟಿಗಳ ಮಾರಾಟಕ್ಕೆ ಮಿತಿ ಹಾಕಬೇಕಾಯಿತು. ನಮ್ಮ ವಾಟ್ಸ್‌ಆ್ಯಪ್‌ಗೂ ಅದು "ಸಿಗರೇಟು ಸೇದುವವರಿಗೆ ಕೊರೋನಾ ಬರಲ್ಲ" ಅಂತ ಬಂದು ಮುಟ್ಟಿತು. ಸೇದುವವರಿಗೆ ರೋಗ ತೀವ್ರವಾಗುವ ಸಾಧ್ಯತೆ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮೇ 11ರಂದೇ ಹೇಳಿತ್ತು. ಸೇದುವವರಿಗೆ ಅಪಾಯ ಕಡಿಮೆ ಎಂದಿದ್ದ ಒಂದು ಪ್ರಬಂಧವನ್ನು 2021ರಲ್ಲಿ ಯುರೋಪಿನ ವೈದ್ಯಕೀಯ ಪತ್ರಿಕೆ ಹಿಂದಕ್ಕೆ ಪಡೆಯಿತು. ಲೇಖಕರಲ್ಲಿ ಇಬ್ಬರು ತಂಬಾಕು ಉದ್ಯಮದ ಜೊತೆಗಿನ ನಂಟನ್ನು ಮುಚ್ಚಿಟ್ಟಿದ್ದರು. ಮೊದಲ ಸುದ್ದಿ ಫಾರ್ವರ್ಡ್ ಮಾಡಿದವರು ಎರಡನೆಯದನ್ನು ಮಾಡಲಿಲ್ಲ.

ತಂಬಾಕಿನ ಮಾತು ಬಂದಾಗ ನಮ್ಮವರಿಗೆ ಇನ್ನೊಂದು ಇಕ್ಕಟ್ಟಿದೆ, ಅದನ್ನು ಬಿಟ್ಟು ಬರೆದರೆ ಅಪ್ರಾಮಾಣಿಕತೆ ಆಗುತ್ತದೆ. ದಕ್ಷಿಣ ಕನ್ನಡ, ಕಾಸರಗೋಡಿನ ಸಾವಿರಾರು ಬ್ಯಾರಿ ಮನೆಗಳಲ್ಲಿ ಉಮ್ಮಂದಿರು ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ್ದು. ತೊಡೆಯ ಮೇಲೆ ಗೆರಸೆ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಈ ಲೇಖನ ಓದುತ್ತಿರುವ ಎಷ್ಟೋ ಡಿಗ್ರಿ ಪಡೆದವರ ಫೀಸು ಬಂದದ್ದು ಬೀಡಿ ಬ್ರ್ಯಾಂಚಿನಿಂದ. ಲಾಕ್‌ಡೌನ್‌ನಲ್ಲಿ ಬ್ರ್ಯಾಂಚ್ ಮುಚ್ಚಿತು, ಎಲೆ, ಸೊಪ್ಪು ಬರಲಿಲ್ಲ, ವಾರದ ಮಜೂರಿ ನಿಂತಿತು. ಗಂಡಸರ ದುಡಿಮೆಯೂ ನಿಂತಿದ್ದ ಆ ಹೊತ್ತಿಗೆ ಹಲವು ಮನೆಗಳಲ್ಲಿ ಒಲೆ ಉರಿದದ್ದು ದಾನದ ಕಿಟ್‌ನಿಂದ. ಅಂದರೆ ಊರಲ್ಲಿ ಬೀಡಿ ಸೇದುವುದು ನಿಲ್ಲಲಿ ಅಂತ ನಾವು ಹಾರೈಸುತ್ತಿದ್ದ ಅದೇ ವಾರ, ಬೀಡಿ ನಿಂತದ್ದರಿಂದಲೇ ನಮ್ಮ ಮನೆಯ ಹೆಂಗಸರು ಹಸಿದರು.

ಇದಕ್ಕೆ ಸುಲಭದ ಉತ್ತರ ನನ್ನ ಬಳಿ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ತೆರಿಗೆಯನ್ನು ಶೇ. 28ರಿಂದ 18ಕ್ಕೆ ಇಳಿಸಲು ನಿರ್ಧರಿಸಿದಾಗ ಕಟ್ಟುವವರಿಗೆ ಅನುಕೂಲ ಅಂತ ಕೆಲವರು ಸಂತೋಷಪಟ್ಟರು, ಸೇದುವವರ ಎದೆಗೆ ಅದು ಹಾನಿ ಅಂತ ವೈದ್ಯರು ಬೇಸರಿಸಿದರು. ಎರಡೂ ನಿಜ. ಬೀಡಿಯ ಹೊಗೆ ಸಿಗರೇಟಿಗಿಂತ ಸೌಮ್ಯ ಎಂಬ ನಂಬಿಕೆ ಮಾತ್ರ ಸುಳ್ಳು. ಎಲೆ ಬೇಗ ಆರುವುದರಿಂದ ಸೇದುವವನು ಇನ್ನಷ್ಟು ಜೋರಾಗಿ ಎಳೆಯಬೇಕು. ಕಟ್ಟುವವರಿಗೂ ಪುಡಿಯ ದೂಳಿನಿಂದ ಕೆಮ್ಮು, ಬಾಗಿ ಕೂತು ಬೆನ್ನುನೋವು. ಮಗಳಿಗೆ ಬೇರೆ ಕೆಲಸ ಸಿಗಲಿ ಅಂತಲೇ ಬೀಡಿ ಕಟ್ಟುವ ಉಮ್ಮನಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ.

ಈಗ ರಮಝಾನ್. 2020ರ ನೋಂಬು ಏಪ್ರಿಲ್ ಕೊನೆಯ ವಾರ ಶುರುವಾಯಿತು, ಮಸೀದಿ ಮುಚ್ಚಿತ್ತು, ತರಾವೀಹ್ ಮನೆಯಲ್ಲೇ. "ಹದಿಮೂರು-ಹದಿನಾಲ್ಕು ಗಂಟೆ ಸೇದದೆ ಇರಬಲ್ಲವನಿಗೆ ಪೂರ್ತಿ ಬಿಡಲು ಏನು ಕಷ್ಟ?" ಅಂತ ಪ್ರತಿ ವರ್ಷ ನಾವು ಕೇಳುತ್ತೇವೆ. ಪ್ರಶ್ನೆ ಚೆನ್ನಾಗಿದೆ, ಉತ್ತರ ಮಾತ್ರ ದೇಹದೊಳಗಿದೆ. ನಿಕೋಟಿನ್ ರಕ್ತದಲ್ಲಿ ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಬಿಟ್ಟಾಗಿನ ಸಿಟ್ಟು, ತಲೆನೋವು, ಚಡಪಡಿಕೆ ಎರಡು-ಮೂರನೇ ದಿನ ಅತಿ ಹೆಚ್ಚಾಗಿ, ಆಮೇಲೆ ಮೂರು-ನಾಲ್ಕು ವಾರದಲ್ಲಿ ನಿಧಾನವಾಗಿ ಇಳಿಯುತ್ತದೆ. ನೋಂಬಿನವನು ಖರ್ಜೂರದ ಬೆನ್ನಿಗೇ ಒಂದು ಸಿಗರೇಟು ಹಚ್ಚುತ್ತಾನಲ್ಲ, ಅಲ್ಲಿಗೆ ಗಡಿಯಾರ ಮತ್ತೆ ಸೊನ್ನೆಗೆ ಬರುತ್ತದೆ. ಮೂವತ್ತು ದಿನವೂ ಅವನಿಗೆ ಮೊದಲನೇ ದಿನವೇ. ಕಷ್ಟ ಪೂರ್ತಿ ಅನುಭವಿಸುತ್ತಾನೆ, ಲಾಭ ಸಿಗುವುದಿಲ್ಲ. ಮದ್ಯದ ಹಾಗೆ ಇಲ್ಲಿ ದಿಢೀರ್ ಬಿಟ್ಟರೆ ಪ್ರಾಣಾಪಾಯವಿಲ್ಲ, ಆದ್ದರಿಂದ ಇಫ್ತಾರಿನ ನಂತರದ ಆ ಮೊದಲ ಮೂರು ರಾತ್ರಿ ದಾಟಿಸಿಕೊಂಡರೆ ನೋಂಬಿನ ತಿಂಗಳಿಗಿಂತ ಒಳ್ಳೆಯ ಸಮಯ ಇನ್ನೊಂದಿಲ್ಲ. ನಿಕೋಟಿನ್ ಗಮ್ ಔಷಧದಂಗಡಿಯಲ್ಲಿ ಸಿಗುತ್ತದೆ. ವೈದ್ಯರನ್ನು ಕೇಳಿ ಇಫ್ತಾರಿನಿಂದ ಸಹರಿಯವರೆಗೆ ಬಳಸಬಹುದು.

ಲಾಕ್‌ಡೌನ್‌ನ ಆ ರಮಝಾನಿನಲ್ಲಿ ಇನ್ನೊಂದು ಬದಲಾವಣೆ ಆಯಿತು, ಅದು ಇವತ್ತಿಗೂ ಉಳಿದಿದೆ. ಮೊದಲು ಮಸೀದಿಯಿಂದ ಬರುವಾಗ ದಾರಿಯಲ್ಲಿ ಸೇದುತ್ತಿದ್ದವರು ಮನೆಯ ಜಗಲಿಗೆ, ಟೆರೇಸಿಗೆ, ಕೆಲವರು ಬಾತ್‌ರೂಮಿಗೆ ಬಂದರು. ಮಕ್ಕಳು ನೋಡಿದರು, ಹೊಗೆಯನ್ನೂ ಉಸಿರಾಡಿದರು. ಮನೆಯೊಳಗೆ ಪರರ ಹೊಗೆಗೆ ಒಡ್ಡಿಕೊಳ್ಳುವ ವಯಸ್ಕರು ದೇಶದಲ್ಲಿ ಶೇ. 38.7 ಎಂದು ಮೇಲೆ ಹೇಳಿದ ಸಮೀಕ್ಷೆಯಲ್ಲೇ ಇದೆ. ಅದು ಮಹಾಮಾರಿಗೂ ಮೊದಲಿನ ಲೆಕ್ಕ.

ಯುವಕರ ಕಡೆಗೆ ಬಂದರೆ, 2020ರಲ್ಲಿ ಎಂಟನೇ ಕ್ಲಾಸಿನಲ್ಲಿದ್ದವನು ಈಗ ಕಾಲೇಜಿನಲ್ಲಿದ್ದಾನೆ. ಆ ಎರಡು ವರ್ಷ ಅವನಿಗೆ ಮೈದಾನ ಇರಲಿಲ್ಲ, ಮದ್ರಸ ಇರಲಿಲ್ಲ, ಕೈಯಲ್ಲಿ ಫೋನ್ ಇತ್ತು. ಇ-ಸಿಗರೇಟನ್ನು ಕೇಂದ್ರ 2019ರಲ್ಲೇ ನಿಷೇಧಿಸಿದೆ. ಆದರೂ ವೇಪ್ ಏನೆಂದು ನಿಮ್ಮ ಮನೆಯ ಹುಡುಗನನ್ನು ಕೇಳಿ ನೋಡಿ, ನಿಮಗಿಂತ ಚೆನ್ನಾಗಿ ಹೇಳುತ್ತಾನೆ. ಪೆನ್ನಿನ ಹಾಗಿರುತ್ತದೆ, ಹಣ್ಣಿನ ವಾಸನೆ, ಶರ್ಟಿನಲ್ಲಿ ಬೀಡಿಯ ಗಬ್ಬು ಬರುವುದಿಲ್ಲ. ಉಪ್ಪ ವಾಸನೆ ನೋಡಿ ಹಿಡಿಯುತ್ತಿದ್ದ ಕಾಲ ಮುಗಿಯಿತು. ಕರ್ನಾಟಕ ಸರಕಾರ ತಂಬಾಕು ಕಾಯ್ದೆಗೆ ತಂದ ತಿದ್ದುಪಡಿ 2025ರ ಮೇ ಕೊನೆಗೆ ಜಾರಿಗೆ ಬಂತು. ತಂಬಾಕು ಮಾರಾಟಕ್ಕೆ ಕನಿಷ್ಠ ವಯಸ್ಸು 18ರಿಂದ 21ಕ್ಕೆ ಏರಿತು, ಹುಕ್ಕಾ ಬಾರ್ ನಡೆಸಿದರೆ ಜೈಲು, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200ರಿಂದ 1,000 ರೂಪಾಯಿಗೆ. ಒಳ್ಳೆಯ ಕಾನೂನು. ಆದರೆ ತಲಪಾಡಿ ದಾಟಿದರೆ ಈ ಕಾನೂನು ಇಲ್ಲ, ಮತ್ತು ಹಾಸ್ಟೆಲ್ ರೂಮಿನೊಳಗೆ ಯಾವ ಕಾನೂನೂ ಇಲ್ಲ.

ಜಮಾಅತ್‌ಗಳು ಸುಮ್ಮನೆ ಕೂತಿಲ್ಲ, ಅದನ್ನೂ ಹೇಳಬೇಕು. ಜಾಗೃತಿ ಸಭೆ, ಮೆರವಣಿಗೆ, ಖುತ್ಬಾ ನಡೆಯುತ್ತಿವೆ. ಕಾಸರಗೋಡು ಭಾಗದಲ್ಲಿ, ಮಾದಕ ವಸ್ತು ಬಳಸುವವರ ನಿಕಾಹ್‌ಗೆ ಸಹಕರಿಸುವುದಿಲ್ಲ ಎಂಬ ನಿರ್ಧಾರಗಳೂ ಸುದ್ದಿಯಾಗಿದ್ದವು. ಹೆಣ್ಣುಮಕ್ಕಳ ಬದುಕು ಹಾಳಾಗಬಾರದು ಎಂಬ ಕಾಳಜಿ ಅದರ ಹಿಂದಿದೆ, ಅದಕ್ಕೆ ನನ್ನ ಗೌರವವಿದೆ. ಆದರೆ ಲಾಕ್‌ಡೌನ್‌ನ ಅನುಭವ ನೋಡಿದ ಮೇಲೆ ನನಗೆ ಒಂದು ಆತಂಕ. ಮದುವೆ ಬೇಕಾದ ಹುಡುಗ ಚಟ ಬಿಡುತ್ತಾನೋ, ಚಟ ಮುಚ್ಚಿಡುವುದನ್ನು ಕಲಿಯುತ್ತಾನೋ? ಬಾಗಿಲು ಮುಚ್ಚುವ ನಿರ್ಧಾರದ ಜೊತೆಗೆ ಇನ್ನೊಂದು ಬಾಗಿಲು ತೆರೆದಿಡದಿದ್ದರೆ ಎರಡನೆಯದೇ ಆಗುತ್ತದೆ. ಖತೀಬರಿಗೋ ಕಾರ್ಯದರ್ಶಿಗೋ ಹುಡುಗನೊಬ್ಬ ಬಂದು "ಉಸ್ತಾದರೇ, ನನ್ನಿಂದ ಬಿಡಲಾಗುತ್ತಿಲ್ಲ" ಅಂದರೆ ಆ ಮಾತು ಅಲ್ಲಿಗೇ ನಿಲ್ಲುತ್ತದೆ, ಊರು ಸುತ್ತುವುದಿಲ್ಲ ಎಂಬ ಭರವಸೆ ನಮ್ಮ ಎಷ್ಟು ಮಹಲ್‌ಗಳಲ್ಲಿದೆ? ಜಮಾಅತ್ ಕಮಿಟಿಯಲ್ಲಿ ಒಬ್ಬ ವೈದ್ಯರನ್ನೋ ನರ್ಸನ್ನೋ ಇದಕ್ಕೆಂದೇ ಗೊತ್ತುಮಾಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ನಮ್ಮಲ್ಲಿ ಈಗ ಅವರ ಕೊರತೆಯೂ ಇಲ್ಲ.

ಸರಕಾರದ ಕಡೆ ಮಹಾಮಾರಿಯ ನಂತರ ಆದ ಒಂದು ಒಳ್ಳೆಯ ಕೆಲಸ ಟೆಲಿ-ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416ಕ್ಕೆ ಕರೆ ಮಾಡಿದರೆ ಉಚಿತ, ಕನ್ನಡದಲ್ಲೂ ಮಲಯಾಳಂನಲ್ಲೂ ಮಾತಾಡಬಹುದು. 2020ರ ಏಪ್ರಿಲ್‌ನಲ್ಲಿ ಇದು ಇದ್ದಿದ್ದರೆ ಎಷ್ಟು ಜನ ಉಳಿಯುತ್ತಿದ್ದರು ಅಂತ ಈಗ ಯೋಚಿಸಿ ಪ್ರಯೋಜನವಿಲ್ಲ.

ದುಬೈಯಲ್ಲಿ ಅಂಗಡಿ ಇಟ್ಟಿದ್ದ ನನ್ನ ಮಾಮ ಒಬ್ಬರಿದ್ದಾರೆ. ಮೂವತ್ತು ವರ್ಷದ ಸಿಗರೇಟು. 2020ರಲ್ಲಿ ಊರಿಗೆ ಬಂದು ಹದಿನಾಲ್ಕು ದಿನ ಕ್ವಾರಂಟೈನ್‌ನಲ್ಲಿ ಕೂತರು, ಸಿಗರೇಟು ಸಿಗಲಿಲ್ಲ. ಹೊರಬಂದ ಮೇಲೆ ಮೂರು ತಿಂಗಳು ಮುಟ್ಟಲೂ ಇಲ್ಲ. ಆಮೇಲೆ ಊರಿನ ಹೊಟೇಲು ತೆರೆಯಿತು, ಹಳೆಯ ಗೆಳೆಯರು ಚಹಾಕ್ಕೆ ಕರೆದರು. ಹದಿನಾಲ್ಕು ದಿನ ಬಿಡಿಸಿದ್ದು ಬಾಗಿಲಿನ ಬೀಗ, ಆ ಚಹಾದ ಹೊತ್ತಿಗೆ ಅವರ ಜೊತೆ ಯಾರೂ ಇರಲಿಲ್ಲ.

ಮೊನ್ನೆ ಅವರ ಪ್ಯಾಕೆಟ್ ತೆಗೆದುಕೊಂಡು, ಭಯಂಕರ ಚಿತ್ರದ ಕೆಳಗೆ ಅಚ್ಚಾಗಿರುವ ನಂಬರ್ ತೋರಿಸಿದೆ. 1800-11-2356. ಸಿಗರೇಟು ಬಿಡಲು ಸಹಾಯ ಮಾಡುವ ರಾಷ್ಟ್ರೀಯ ಸಹಾಯವಾಣಿ, 2018ರ ಸೆಪ್ಟೆಂಬರ್‌ನಿಂದ ಪ್ರತಿ ಪ್ಯಾಕೆಟ್ ಮೇಲೂ ಇದೆ. ಮಾಮ ಕನ್ನಡಕ ಹಾಕಿಕೊಂಡು ನೋಡಿದರು.

"ಇದು ಕಂಪೆನಿಯವರ ಕಂಪ್ಲೇಂಟ್ ನಂಬರ್ ಅಂತ ಅಂದ್ಕೊಂಡಿದ್ದೆ ಮೋನೆ" ಅಂದರು.

ಫೋನಿನಲ್ಲಿ ಸೇವ್ ಮಾಡಿಕೊಂಡರು. ಕರೆ ಮಾಡಿದರೋ ಇಲ್ಲವೋ, ನಾನಿನ್ನೂ ಕೇಳಿಲ್ಲ.